ಕೊಚ್ಚಿಗೆ ಹೋಗಿಬಂದ ಲೆಕ್ಕ

(ತಿಕೋಟಾದಲ್ಲಿ ಸೇರಿದ್ದ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ತರುಣರ ಸಭೆಯಲ್ಲಿ ಆಡಿದ ಮಾತುಗಳು)



ಬೆಂಗಳೂರು ಫುಟ್‌ಬಾಲ್ ತಂಡದ ಆಟವನ್ನು ಪರಸ್ಥಳಕ್ಕೆ ಹೋಗಿ ನೋಡಿಬರೋಣ, ಇನ್ನೊಮ್ಮೆ ಗುಂಪು ಕಟ್ಟಿರಿ ಎಂದು ನಿಮ್ಮಲ್ಲಿ ಕೆಲವರು ನಮ್ಮ ಬೆನ್ನು ಹತ್ತಿದ್ದೀರಿ. ಹೋಗಲೇಬಾರದು ಎನ್ನುವವರು ನಾವಲ್ಲ. ಆದರೆ 2023ರಲ್ಲಿ ಒಮ್ಮೆ ಹೋಗಿಬಂದೆವಲ್ಲ, ಅದರ ಲೆಕ್ಕವನ್ನು ಇನ್ನೂ ಊರ ಮುಂದೆ ಇಟ್ಟಿಲ್ಲ. ಅದನ್ನು ಇಟ್ಟ ಮೇಲೆ ಮುಂದಿನ ಮಾತು.

ಆ ಹಂಗಾಮಿನ ಮೊದಲ ಪಂದ್ಯ ಸೆಪ್ಟೆಂಬರ್ 21ರ ಗುರುವಾರ ರಾತ್ರಿ ಎಂಟಕ್ಕೆ ಕೊಚ್ಚಿಯಲ್ಲಿ ಇತ್ತು. ಎದುರಾಳಿ ಕೇರಳ ಬ್ಲಾಸ್ಟರ್ಸ್. ಹಿಂದಿನ ಜಗಳ ನಿಮಗೆ ಬಾಯಿಪಾಠವೇ ಇದೆ. ಅದೇ ವರ್ಷದ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ಸುನಿಲ್ ಛೆಟ್ರಿಯವರು ಎದುರಾಳಿಗಳು ಸಜ್ಜಾಗುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಕೇರಳದವರು ಸಿಟ್ಟಾಗಿ ಮೈದಾನ ಬಿಟ್ಟು ನಡೆದರು. ಅವರಿಗೆ 4 ಕೋಟಿ ರೂಪಾಯಿ ದಂಡ ಬಿತ್ತು, ತರಬೇತುದಾರರಿಗೆ 10 ಪಂದ್ಯಗಳ ನಿಷೇಧ. ಅದರ ಬೆನ್ನಿಗೇ ಹೊಸ ಹಂಗಾಮಿನಲ್ಲಿ ಮತ್ತೆ ಅವರ ಅಂಗಳಕ್ಕೇ ಹೋಗುವುದೆಂದರೆ ಹುಡುಗರಿಗೆ ನಿದ್ದೆ ಹತ್ತೀತೇ?

ಹೊರಟವರು ನಾವು ಏಳು ಮಂದಿ. ಆರು ಮಂದಿ ನಾವು ಕಲಿಸಿದ ಹುಡುಗರೇ. ನಾಲ್ವರು ತಿಕೋಟಾದ ಕಡೆಯವರು, ಇಬ್ಬರು ಬಬಲೇಶ್ವರದವರು. ಊರಲ್ಲಿ ಗಣಪ್ಪನನ್ನು ಕೂಡ್ರಿಸಿದ ದಿನಗಳು. ಆದರೆ ಹಬ್ಬದ ಕಳೆ ಇರಲಿಲ್ಲ. ರಾಜ್ಯದ 195 ತಾಲ್ಲೂಕುಗಳಲ್ಲಿ ಬರ ಬಿದ್ದಿದೆಯೆಂದು ಸರಕಾರ ಸಾರಿ ವಾರವಷ್ಟೇ ಆಗಿತ್ತು. ತೊಗರಿ ಹೊಲದಲ್ಲೇ ಬಾಡುತ್ತಿತ್ತು. ದ್ರಾಕ್ಷಿಯ ಚಾಟ್ನಿಗೆ ಇನ್ನೂ ದಿನಗಳಿದ್ದುದರಿಂದ ಹುಡುಗರಿಗೆ ಕೂಲಿಯೂ ಇರಲಿಲ್ಲ. "ಬರಗಾಲದಾಗ ಚೆಂಡಾಟ ನೋಡಾಕ ಹೊಂಟಾರ, ಇವರ ಪಕ್ಷದ ಕೆಲಸ ಇದ ಏನು?" ಎಂದು ಬಸ್ ನಿಲ್ದಾಣದಲ್ಲೇ ಒಬ್ಬ ಹಿರಿಯರು ನಮಗೆ ಕೇಳುವಂತೆ ಅಂದರು. ನಾವು ಕೇಳಿಸದವರಂತೆ ಬಸ್ಸು ಹತ್ತಿದೆವು. ಉತ್ತರ ಇರಲಿಲ್ಲ, ಇದ್ದಿದ್ದರೆ ಅಲ್ಲಿಯೇ ಹೇಳುತ್ತಿದ್ದೆವು.

ವಿಜಯಪುರದಿಂದ ಮಂಗಳೂರಿಗೆ ಹೋಗುವ ರೈಲನ್ನು ನೀವು ಬಲ್ಲಿರಿ. ಆಲಮಟ್ಟಿ, ಬಾಗಲಕೋಟೆ, ಹುಬ್ಬಳ್ಳಿ, ಹಾಸನ, ಆಮೇಲೆ ಸಕಲೇಶಪುರದ ಘಟ್ಟ. ಅದರ ಸಾಮಾನ್ಯ ಡಬ್ಬಿ ಎಂದರೆ ನಮ್ಮ ಜಿಲ್ಲೆಯ ದುಡಿಯುವ ಜನರ ಓಣಿಯೇ ಎದ್ದು ಹೊರಟಂತೆ. ಗಂಟುಮೂಟೆ, ಕೊಡ, ಕೂಸು, ಮುದುಕಿ. ಮಂಗಳೂರಿನ ಕಟ್ಟಡಗಳಿಗೆ ಕಲ್ಲು ಸಿಮೆಂಟು ಹೊರಲು ಹೊರಟವರು. ಸಾಲದ್ದಕ್ಕೆ ಆ ವರ್ಷ ಬರ ಬೇರೆ. ಎದುರಿಗೆ ಕುಳಿತ ಹೆಣ್ಣುಮಗಳೊಬ್ಬಳು ನಮ್ಮ ಹುಡುಗರ ಕೈಗೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಕೇಳಿದಳು: "ಯಾವ ಕಡಿ ಕೆಲಸಕ್ಕ ಹೊಂಟೀರಪಾ?"

"ಕೆಲಸಕ್ಕಲ್ರಿ ಅಕ್ಕಾ. ಫುಟ್‌ಬಾಲ್ ನೋಡಾಕ ಕೇರಳಕ್ಕ ಹೊಂಟೀವಿ."

"ನೋಡಾಕಷ್ಟ? ಆಡಾಕಲ್ಲ?"

ಡಬ್ಬಿಯೆಲ್ಲ ನಕ್ಕಿತು. ಅವಳು ಚೇಷ್ಟೆಗೆ ಕೇಳಿದವಳಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಮರುದಿನ ಮಧ್ಯಾಹ್ನ ಮಂಗಳೂರಲ್ಲಿ ಅವರು ಇಳಿದು ಹೋದರು. ನಾವು ಬೇರೆ ರೈಲು ಹಿಡಿದೆವು. ಕಾಸರಗೋಡಿನವರೆಗೆ ಕನ್ನಡ ಕಿವಿಗೆ ಬೀಳುತ್ತಿತ್ತು, ಆಮೇಲೆ ಅದೂ ನಿಂತಿತು.

ಕೊಚ್ಚಿಯ ಕಲೂರಿನಲ್ಲಿ ಮೈದಾನದ ಹತ್ತಿರ ಒಂದು ಚಹಾದ ಅಂಗಡಿ. ಗುರುವಾರ ಇಳಿಹೊತ್ತು. ಎತ್ತ ನೋಡಿದರೂ ಹಳದಿ ಅಂಗಿ, ಒಳ್ಳೇ ವರ್ಷದ ಸೂರ್ಯಪಾನದ ಹೊಲದಂತೆ. ನಮ್ಮ ಹುಡುಗರು ನೀಲಿ ಅಂಗಿಯ ಮೇಲೆ ಟಾವೆಲ್ಲು ಹೊದ್ದು ಮೂಲೆಯಲ್ಲಿ ಕುಳಿತಿದ್ದರು. ಛೆಟ್ರಿಯವರು ಆ ದಿನ ಇರಲಿಲ್ಲ. ಏಷ್ಯನ್ ಕ್ರೀಡಾಕೂಟಕ್ಕೆಂದು ಚೀನಾದ ಹಾಂಗ್‌ಝೌಗೆ ಹೋಗಿದ್ದರು. ಅದೇ ದಿನ ಅಲ್ಲಿ ಬಾಂಗ್ಲಾದೇಶದ ಮೇಲೆ ಪೆನಾಲ್ಟಿಯಲ್ಲಿ ಅವರು ಹೊಡೆದ ಒಂದೇ ಗೋಲಿನಿಂದ ಭಾರತ ಗೆದ್ದ ಸುದ್ದಿ ಮೊಬೈಲಿಗೆ ಬಂದಿತ್ತು. ಆ ಖುಷಿಯಲ್ಲಿ ಒಬ್ಬನ ಟಾವೆಲ್ಲು ಜಾರಿತು.

ಪಕ್ಕದ ಬೆಂಚಿನ ಹಿರಿಯರೊಬ್ಬರು ನೀಲಿ ಅಂಗಿ ಕಂಡು ಎದ್ದು ಬಂದರು. ಜಗಳಕ್ಕೇ ಬಂದರೆಂದು ನಾವೂ ಎದ್ದು ನಿಂತೆವು. ಅವರು ಕೈ ಚಾಚಿ, ಹರಕುಮುರುಕು ಹಿಂದಿಯಲ್ಲಿ, "ಕರ್ನಾಟಕ? ಸಂತೋಷ್ ಟ್ರೋಫಿ! ಶಾಬಾಶ್!" ಎಂದರು. ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯರು ಬೆರಳು ಮಡಿಚಿ ಲೆಕ್ಕ ಒಪ್ಪಿಸಿದರು. 2022ರ ಸೆಮಿಫೈನಲಿನಲ್ಲಿ ಮಂಜೇರಿಯಲ್ಲಿ ನಿಮ್ಮ ರಾಜ್ಯದ ತಂಡ ನಮ್ಮ ಕೈಯಲ್ಲಿ 7-3ರಿಂದ ಸೋತಿತ್ತು; ಮರುವರ್ಷವೇ ಕಪ್ಪು ನಿಮ್ಮದಾಯಿತು, ಇದಲ್ಲವೇ ಆಟ ಎಂದರೆ ಎಂದು.

ಗೆಳೆಯರೇ, ನಾಚಿಕೆಯ ಸಂಗತಿಯನ್ನು ಮುಚ್ಚಿಡಬಾರದು. ಆರು ಹುಡುಗರಲ್ಲಿ ಒಬ್ಬನಿಗೂ ಅದು ಗೊತ್ತಿರಲಿಲ್ಲ. ಅವರಿಗೆ ಪಾಠ ಹೇಳಿದ ನಮಗೂ ಗೊತ್ತಿರಲಿಲ್ಲ. ಕಂಠೀರವದ ಫ್ರೀ ಕಿಕ್ಕು ಮಾರ್ಚ್ 3ರಂದು. ಮರುದಿನವೇ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕದ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. 54 ವರ್ಷಗಳ ಮೇಲೆ ಗೆದ್ದದ್ದು. ಹಿಂದೆ ಮೈಸೂರು ಎಂಬ ಹೆಸರಿನಲ್ಲಿ 1946, 1952, 1967, 1968ರ ಹಂಗಾಮುಗಳಲ್ಲಿ ನಾಲ್ಕು ಸಲ ಗೆದ್ದಿದ್ದ ರಾಜ್ಯವಿದು. (ಮೊದಲೆರಡು ಸಲ ನಮ್ಮ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು, 1956ರ ನಂತರದ ಎರಡು ನಮ್ಮವೂ ಹೌದು.) ಒಂದು ಗೋಲಿನ ಜಗಳವನ್ನು ನಾವು ಆರು ತಿಂಗಳು ಮೆಲುಕು ಹಾಕಿದೆವು. ಕಪ್ಪು ಮನೆಗೆ ಬಂದದ್ದನ್ನು ಕೊಚ್ಚಿಯ ಚಹಾದ ಅಂಗಡಿಯಲ್ಲಿ ಎದುರಾಳಿಯ ಬಾಯಿಂದ ಕೇಳಿದೆವು.

ಪಂದ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸೋತೆವು. ಮಳೆ ಸುರಿಯುತ್ತಿತ್ತು. ಮೊದಲರ್ಧ ಗೋಲಿಲ್ಲ. 52ನೇ ನಿಮಿಷಕ್ಕೆ ನಮ್ಮವನೇ ಆದ ಕೆಜಿಯಾ ವೀನ್‌ಡಾರ್ಪನಿಗೆ ತಾಗಿ ಚೆಂಡು ನಮ್ಮ ಬಲೆಗೇ ಬಿತ್ತು. 69ರಲ್ಲಿ ಗೋಲಿ ಗುರುಪ್ರೀತ್ ಸಿಂಗ್ ಸಂಧು ಕಾಲಲ್ಲಿದ್ದ ಚೆಂಡನ್ನು ಬೇಗ ಬಿಡಲಿಲ್ಲ. ಲೂನಾ ಎಂಬ ಉರುಗ್ವೆಯ ಆಟಗಾರ ಕಸಿದುಕೊಂಡು ಒಳಗೆ ತಳ್ಳಿದ. ಕೊನೆಗೆ 90ರಲ್ಲಿ ಕರ್ಟಿಸ್ ಮೇನ್ ಒಂದು ತೀರಿಸಿದ. 2-1. ಆ ಒಂದು ಗೋಲಿಗೆ ನಮ್ಮ ಏಳು ಜನರ ಕೂಗು ನಮಗೇ ಕೇಳಿಸಲಿಲ್ಲ. ಮಳೆಯಲ್ಲಿ ತೊಯ್ದ ಬಬಲೇಶ್ವರದ ಹುಡುಗ ಆಟ ಬಿಟ್ಟು ಆಕಾಶವನ್ನೇ ನೋಡುತ್ತಿದ್ದ. "ಸರ, ಇದರಾಗ ಅರ್ಧಾ ತಾಸಿನ ಮಳಿ ನಮ್ಮ ತೊಗರಿಗೆ ಬಿದ್ದಿದ್ರ ಸಾಕಿತ್ರಿ" ಎಂದ. ನಮಗೆ ಆ ಪಂದ್ಯದಿಂದ ಉಳಿದ ಮಾತು ಅದು.

ಮರಳುವ ದಾರಿಯಲ್ಲಿ ಇನ್ನೊಬ್ಬ ಕೇಳಿದ: "ಸರ, ಬೆಂಗಳೂರು ತಂಡ ನಮ್ಮದು ಅಂತೀವಿ. ನಮ್ಮದು ಹೆಂಗರಿ?" ಈ ಪ್ರಶ್ನೆಗೆ ಕೂಡಲೇ ಉತ್ತರ ಹೇಳುವವನು ಸುಳ್ಳು ಹೇಳುತ್ತಾನೆ. ತಂಡವನ್ನು 2013ರಲ್ಲಿ ಕಟ್ಟಿದ್ದು ಜೆಎಸ್‌ಡಬ್ಲ್ಯು, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವ ಕಂಪನಿ. ಅದನ್ನು ಬರಿದೆ ಬೈಯುವುದು ನ್ಯಾಯವಲ್ಲ. ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದ ತಂಡ, 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ಮುಟ್ಟಿದ ಮೊದಲ ಭಾರತೀಯ ತಂಡ. ಅದಕ್ಕೆ ಮುಂಚೆ ಬೆಂಗಳೂರಿನ ದೊಡ್ಡ ತಂಡಗಳೆಂದರೆ ಐಟಿಐ, ಎಚ್‌ಎಎಲ್‌ನಂಥ ಸರಕಾರಿ ಕಾರ್ಖಾನೆಗಳವು. ಆಟಗಾರನಿಗೆ ಅಲ್ಲಿ ನೌಕರಿಯಿತ್ತು. ಕಾಲು ಸೋತರೂ ಹೊಟ್ಟೆಗೆ ಮೋಸವಿರಲಿಲ್ಲ. ಎಚ್‌ಎಎಲ್ ತಂಡ 2012ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು.

ಆ ಹುಡುಗನ ಪ್ರಶ್ನೆಗೆ ಉತ್ತರ ಎರಡು ವರ್ಷದ ಮೇಲೆ ತಾನಾಗಿ ಬಂತು. ಲೀಗ್ ನಡೆಸುವವರಿಗೂ ದೇಶದ ಫುಟ್‌ಬಾಲ್ ಒಕ್ಕೂಟಕ್ಕೂ ನಡುವಿನ ಕರಾರು ಮುಂದುವರಿಸುವುದು ಇತ್ಯರ್ಥವಾಗದೆ 2025ರ ಜುಲೈಯಲ್ಲಿ ಹೊಸ ಹಂಗಾಮನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಕ್ಲಬ್ಬು ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಮುಂದಿನ ತೀರ್ಮಾನದವರೆಗೆ ನಿಲ್ಲಿಸಿದ್ದಾಗಿ ಸಾರಿತು. ಗೋಲು ಹೊಡೆದವನೂ ಕೂಲಿಯವನೇ ಎಂಬುದು ಅಂದು ಕಂಡಿತು. ಪ್ರೇಕ್ಷಕರ ಗತಿ? ನಮ್ಮನ್ನು ಕೇಳಿದವರಾರು?

ಈಗ ಖರ್ಚಿನ ಬಾಬತ್ತು. ಹೋದ ಆರು ಮಂದಿಯಲ್ಲಿ ಒಬ್ಬ ತೋಟದವರಿಂದ ಚಾಟ್ನಿಯ ಕೂಲಿಯ ಮುಂಗಡ ಎತ್ತಿ ಬಂದಿದ್ದ. ಮನೆಗೆ ಜೋಳ ತರಬೇಕಾದ ದುಡ್ಡು ಅದು. ನಮಗೆ ಗೊತ್ತಿರಲಿಲ್ಲ ಎಂದು ಹೇಳಬಹುದು, ಹೇಳುವುದಿಲ್ಲ. ದುಡ್ಡು ಎಲ್ಲಿಂದ ತಂದೆ ಎಂದು ಕೇಳಬೇಕಾದವರು ನಾವೇ. ವಾರದ ಮೇಲೆ ಅವನ ತಂದೆ ನಮ್ಮ ಬಾಗಿಲಿಗೆ ಬಂದು, ಒಳಗೆ ಬರಲೊಲ್ಲದೆ, "ಮಾಸ್ತರ್ರ, ನಿಮ್ಮ ಮ್ಯಾಲೆ ಭರೋಸಾ ಇಟ್ಟು ಕಳಿಸಿದ್ದೆ" ಎಂದಷ್ಟೇ ಹೇಳಿ ಹೋದರು. ಆ ಮುಂಗಡದಲ್ಲಿ ಅರ್ಧವನ್ನು ನಾವು ಕಟ್ಟಿದೆವು, ಅರ್ಧವನ್ನು ಹುಡುಗ ದುಡಿದು ತೀರಿಸಿದ. ಬಸ್ ನಿಲ್ದಾಣದ ಹಿರಿಯರು ಇಂದು ಈ ಸಭೆಯಲ್ಲಿಯೇ ಇದ್ದಾರೆ. ಅವರಿಗೆ ಅಂದು ಕೊಡದ ಉತ್ತರ ಇದು: ಆಟ ನೋಡಲು ಹೋದದ್ದು ತಪ್ಪಲ್ಲ, ಲೆಕ್ಕ ಕೇಳದೆ ಹುಡುಗರನ್ನು ಕರೆದೊಯ್ದದ್ದು ನಮ್ಮ ತಪ್ಪು.

ಇನ್ನು ರೈಲಿನ ಆ ಅಕ್ಕನ ಪ್ರಶ್ನೆ. ನಮ್ಮ ಜಿಲ್ಲೆಯ ಹುಡುಗರು ಡಾಂಬರು ರಸ್ತೆಯ ಮೇಲೆ ಸೈಕಲ್ ತುಳಿದು ರಾಷ್ಟ್ರಮಟ್ಟದ ಪದಕ ತಂದವರು. ವಿಜಯಪುರದ ವೆಲೋಡ್ರೋಮ್ ಕೆಲಸ ವರ್ಷಗಟ್ಟಲೆ ಎಳೆದದ್ದನ್ನು ನೀವು ಕಂಡಿದ್ದೀರಿ. ಅವರು ಅದಕ್ಕಾಗಿ ಕಾದು ಕುಳಿತಿರಲಿಲ್ಲ. ಕಾಲ್ಚೆಂಡಿಗೆ ಬೇಕಾದದ್ದು ಅದಕ್ಕಿಂತ ಕಡಿಮೆ: ಒಂದು ಬಯಲು, ನಾಲ್ಕು ಬಿದಿರು, ಒಂದು ಚೆಂಡು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು, ಆ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದವರು.

ತಿಕೋಟಾದ ಹೊರಗೆ, ಒಣದ್ರಾಕ್ಷಿ ಶೆಡ್ಡುಗಳ ಆಚೆ ಒಂದು ಬೀಳು ಇದೆ. ಮಾಲಿಕರು ಮೂರು ವರ್ಷ ಆಡಿಕೊಳ್ಳಿ ಎಂದು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಕಾಗದ ಬರೆಸಿಕೊಳ್ಳುವ ಕೆಲಸ ನಮ್ಮದು. ಬೀಳಿನ ತುಂಬ ಗರಸು, ಜಾಲಿಮುಳ್ಳು. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಸಲಿಕೆ, ಬುಟ್ಟಿ ತನ್ನಿ. ಬಬಲೇಶ್ವರದವರು ಮೊದಲ ಬಸ್ಸಿಗೇ ಬರಬೇಕು. ರೊಟ್ಟಿ ಎಲ್ಲರೂ ತಮ್ಮ ತಮ್ಮ ಮನೆಯದೇ ಕಟ್ಟಿಕೊಂಡು ಬನ್ನಿ, ಚಹಾ ನಮ್ಮದು.