ದ್ವೇಷವಿಲ್ಲದ ಅನ್ಯಾಯ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ಗಳಿಂದ ದಯಮಾಡಿಸಿರುವ ಕನ್ನಡ ಬಂಧು ಭಗಿನಿಯರೆ,

ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಭೇದವು ಇಂದಿನ ಸಮಾಜದಲ್ಲಿ ಒಂದು ವ್ಯವಸ್ಥೆಯಾಗಿ ಉಳಿದಿದೆಯೆ, ಅಥವಾ ಅದು ಕೆಲವರ ಮನೋದೋಷ ಮಾತ್ರವೆ? ಇದು ಇಂದು ನಾನು ವಿಚಾರಕ್ಕೆ ತೆಗೆದುಕೊಂಡಿರುವ ಪ್ರಶ್ನೆ. ಅಮೆರಿಕೆಯಲ್ಲಿ ಆ ಭೇದವು ಮೈಬಣ್ಣವನ್ನು ನೋಡುತ್ತದೆ. ನಮ್ಮಲ್ಲಿ ಜಾತಿಯನ್ನು ಕೇಳುತ್ತದೆ. ಎರಡೂ ಒಂದೇ ಎಂದು ನಾನು ಹೇಳಲಾರೆ. ಆದರೆ ಎರಡರಲ್ಲಿಯೂ ಮನುಷ್ಯನು ತಾನು ಮಾಡಿದುದಕ್ಕಲ್ಲ, ಹುಟ್ಟಿದುದಕ್ಕೆ ದಂಡ ತೆರುತ್ತಾನೆ.

“ನನ್ನ ಮನಸ್ಸಿನಲ್ಲಿ ಯಾರ ಮೇಲೆಯೂ ದ್ವೇಷವಿಲ್ಲ, ಆದುದರಿಂದ ನಮ್ಮಲ್ಲಿ ಭೇದವಿಲ್ಲ” ಎನ್ನುವ ಸಜ್ಜನರು ಬಹುಮಂದಿ. ಅವರ ಮಾತು ಸುಳ್ಳಲ್ಲ. ಆದರೆ ಅಷ್ಟೇ ಸಾಲದು.

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಬೇಕೆಂದು ಮಹಾರ ಜಾತಿಯ ಬಾಲಕನೊಬ್ಬನು ಅರ್ಜಿ ಸಲ್ಲಿಸಿದನು. ನ್ಯಾಯವು ಅವನ ಪಕ್ಷದಲ್ಲಿದೆಯೆಂದು ಮುಂಬಯಿ ಸರಕಾರವೇ ಒಪ್ಪಿತು. ಆದರೆ ಅವನೊಬ್ಬನನ್ನು ಸೇರಿಸಿದರೆ ಉಳಿದವರಿಗೆ ಶಾಲೆಯೇ ನಿರುಪಯೋಗವಾದೀತೆಂದು ಬಾಗಿಲು ತೆರೆಯಲಿಲ್ಲ. ಪ್ರಕರಣವು ಲಂಡನ್ನಿನವರೆಗೂ ಹೋಯಿತು. ಸಂಪೂರ್ಣವಾಗಿ ಸರಕಾರದ ವೆಚ್ಚದಲ್ಲಿ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿವೆಯೆಂದು 1858ರಲ್ಲಿ ಸಾರಲಾಯಿತು. ಊರವರ ವಂತಿಗೆ ಸೇರಿದ ಶಾಲೆಗಳಿಗೆ ಆಗಲೂ ಆ ನಿಯಮ ಅನ್ವಯಿಸಲಿಲ್ಲ. ಆ ಬಾಲಕನನ್ನು ಹೊರಗಿಟ್ಟುದು ಒಬ್ಬನ ದ್ವೇಷವಲ್ಲ, ಬಹುಜನರ ಅನುಕೂಲ.

ಇದು ಹಳೆಯ ಕಥೆ, 1950ರಲ್ಲಿಯೇ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು ಎಂದು ತಾವು ಹೇಳಬಹುದು. ಆದರೆ ಹಲವು ರಾಜ್ಯಗಳ ಕಾರಾಗೃಹ ಕೈಪಿಡಿಗಳಲ್ಲಿ, ಅಡುಗೆ ಯಾವ ಜಾತಿಯ ಕೈದಿಗೆ, ಕಸಗುಡಿಸುವುದು ಯಾವ ಜಾತಿಯ ಕೈದಿಗೆ ಎಂಬ ನಿಯಮಗಳು ಅಚ್ಚಿನಲ್ಲಿ ಹಾಗೆಯೇ ಉಳಿದಿದ್ದವು. ಅವು ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು ಸಾರಿದುದು 2024ರ ಅಕ್ಟೋಬರ್ 3ರಂದು! ನಿಯಮ ಬರೆದವರು ಗತಿಸಿದ್ದರು, ನಿಯಮ ಬದುಕಿತ್ತು. ವ್ಯವಸ್ಥೆ ಎಂದರೆ ಇದೇ.

ಇದು ನಮಗೆ ತಿಳಿಯದ ವಿಷಯವೆ? 1956ರಲ್ಲಿ ಹೈದರಾಬಾದ್ ರಾಜ್ಯವು ಮೂರು ಪಾಲಾದಾಗ ನಾವು ಗಡಿಯ ಈಚೆ ಉಳಿದೆವು. ಕನ್ನಡ ಶಾಲೆಗೆ ಶಿಕ್ಷಕರು ಬಾರದಿದ್ದರೆ, ಕಚೇರಿಯಲ್ಲಿರುವವರು ಕನ್ನಡದ್ವೇಷಿಗಳೆಂದು ನಾವು ದೂರುವುದಿಲ್ಲ. ವ್ಯವಸ್ಥೆಯು ನಮ್ಮನ್ನು ಮರೆತಿದೆ ಎನ್ನುತ್ತೇವೆ. ನಮ್ಮ ಪರವಾಗಿ ಹೂಡುವ ಈ ತರ್ಕವನ್ನು ನಮ್ಮ ಮೇಲೆಯೂ ಹೂಡುವುದೇ ನ್ಯಾಯ.

ಮೊದಲು ನನ್ನ ಮೇಲೆಯೇ ಹೂಡುತ್ತೇನೆ. ಅನೇಕ ವರ್ಷ ನನ್ನ ತರಗತಿಯಲ್ಲಿ ಕಸಗುಡಿಸಲು ಕೆಲವು ಮಕ್ಕಳನ್ನೂ ಕುಡಿಯುವ ನೀರು ತರಲು ಬೇರೆ ಕೆಲವರನ್ನೂ ಕರೆಯುತ್ತಿದ್ದೆನು. ಯಾವ ಪುಸ್ತಕವೂ ಹಾಗೆ ವಿಧಿಸಿರಲಿಲ್ಲ. ನನ್ನ ಮನದಲ್ಲಿ ದ್ವೇಷವೂ ಇರಲಿಲ್ಲ. ಒಂದು ದಿನ ಪೊರಕೆಯನ್ನು ಮೂಲೆಯಲ್ಲಿಟ್ಟ ಹುಡುಗನೊಬ್ಬ ಕೇಳಿದ: “ಸರ್, ನಾಳೆ ನೀರು ನಾ ತರ್ಲೇನ್ರಿ?” ವಿದ್ವತ್ ಪರೀಕ್ಷೆಯಲ್ಲಿ ಹಳಗನ್ನಡದ ಕ್ಲಿಷ್ಟ ಪದ್ಯಗಳಿಗೆ ಅರ್ಥ ಬರೆದ ನನಗೆ ಆ ಪ್ರಶ್ನೆಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಮರುದಿನದಿಂದ ಹಾಜರಿ ಪುಸ್ತಕದ ಕ್ರಮದಲ್ಲಿ ಎರಡು ಕೆಲಸಗಳಿಗೂ ಸರದಿ ಮಾಡಿದೆನು. ವಾರದೊಳಗೆ ಇಬ್ಬರು ಪಾಲಕರು ಬಂದು, “ಇದೇನು ಹೊಸ ಪದ್ಧತಿ?” ಎಂದರು. ಅವರೂ ಸಜ್ಜನರೇ. ಆದರೆ ಸರದಿ ನಿಲ್ಲಲಿಲ್ಲ.

ಒಳ್ಳೆಯ ಮನಸ್ಸು ಬೇಕು. ಆದರೆ ಪದ್ಧತಿಯನ್ನು ಪದ್ಧತಿಯೇ ಬದಲಿಸಬೇಕು. ಇನ್ನು ಸ್ವಲ್ಪ ಹೊತ್ತಿನಲ್ಲಿ ನಾವೆಲ್ಲರೂ ಊಟಕ್ಕೆ ಏಳಲಿದ್ದೇವೆ. ಬಡಿಸುವವರು ಯಾರು, ಎಲೆ ಎತ್ತುವವರು ಯಾರು ಎಂಬುದನ್ನು ದಯವಿಟ್ಟು ಒಮ್ಮೆ ಕಣ್ಣೆತ್ತಿ ನೋಡಬೇಕೆಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.