ಸಿಂಹಗಡದಿಂದ ತೋರಣಾ: ಒಬ್ಬನೇ ನಡೆಯೋ ಪ್ಲಾನು

ನಾನಿರೋದು ಸದಾಶಿವ ಪೇಠದ ಒಂದು ಹಳೇ ವಾಡೆಯ ಮೇಲಿನ ಕೋಣೆಯಲ್ಲಿ. ಸುತ್ತ ಎಂಪಿಎಸ್‌ಸಿಗೆ ಓದೋ ಹುಡುಗರು, ಮೆಸ್ಸುಗಳು, ಮಧ್ಯಾಹ್ನ ಒಂದರಿಂದ ನಾಲ್ಕು ಬಾಗಿಲು ಹಾಕೋ ಅಂಗಡಿಗಳು.

ಈ ಡಿಸೆಂಬರಿನಲ್ಲಿ ಸಿಂಹಗಡ, ರಾಜಗಡ, ತೋರಣಾ ಮೂರನ್ನೂ ಎರಡು ದಿನದಲ್ಲಿ ಒಬ್ಬನೇ ನಡೆಯಬೇಕು ಅಂದುಕೊಂಡಿದ್ದೀನಿ. ಸುಮಾರು 50 ಕಿ.ಮೀ. ಇದನ್ನ ಒಂದೇ ದಿನದಲ್ಲಿ ಓಡಿ ಮುಗಿಸೋರಿದ್ದಾರೆ, ಅವರ ಮಾತು ಬಿಡಿ.

ಮೊದಲು ಸೋತ ಕಥೆ. ಹೋದ ಫೆಬ್ರವರಿಯಲ್ಲಿ ರಾಜಗಡದಿಂದ ತೋರಣಾಕ್ಕೆ ಒಬ್ಬನೇ ಹೊರಟೆ. ಸಂಜೀವನಿ ಮಾಚಿಯ ಅಳು ದರವಾಜಾ ಇಳಿದಾಗಲೇ ಮಧ್ಯಾಹ್ನ ಹನ್ನೆರಡು. ಕೈಯಲ್ಲಿ ಎರಡು ಲೀಟರ್ ನೀರು. ಒಣಹುಲ್ಲಿನ ಮೇಲೆ ಬೂಟು ಜಾರ್ತಿತ್ತು, ಮೂರು ಗಂಟೆಗೆ ನೀರು ಖಾಲಿ, ಫೋನು ಸತ್ತಿತ್ತು. ವಾಪಸ್ ತಿರುಗಿದೆ. ಕೆಳಗೆ ಊರು ಮುಟ್ಟಿದಾಗ ರಾತ್ರಿ ಒಂಬತ್ತು. ನವಲಗುಂದದಲ್ಲಿ ಅವ್ವ ಆರು ಗಂಟೆಯಿಂದ ಫೋನ್ ಹಚ್ತಾ ಇದ್ದಳು, ಊಟ ಮಾಡಿರಲಿಲ್ಲ. ನಾನು ಗುಡ್ಡಕ್ಕೆ ಹೋಗಿದ್ದೇ ಅವಳಿಗೆ ಗೊತ್ತಿರಲಿಲ್ಲ. ಆಫೀಸಲ್ಲಿದ್ದೆ ಅಂತ ಸುಳ್ಳು ಹೇಳಿದೆ. ಆ ಸುಳ್ಳು ಎಂಟು ತಿಂಗಳು ನನ್ನ ಜೊತೆ ಇತ್ತು.

ಹಾಗಾಗಿ ಈ ಸಲ ಪ್ಲಾನು ಕಾಗದದ ಮೇಲೆ. 1892ರಲ್ಲಿ ನೇಸ್ಮಿತ್ ಅನ್ನೋ ಸ್ಕಾಟ್ಲೆಂಡಿನವನೊಬ್ಬ ಒಂದು ಲೆಕ್ಕ ಕೊಟ್ಟ. ಈಗ ಅದನ್ನ ಹೀಗೆ ಹೇಳ್ತಾರೆ: 5 ಕಿ.ಮೀ.ಗೆ ಒಂದು ತಾಸು, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಕಾತ್ರಜ್‌ನಿಂದ ಸಿಂಹಗಡಕ್ಕೆ ನಡೆದಾಗ ನನ್ನ ವಾಚು 16 ಕಿ.ಮೀ., 900 ಮೀಟರ್ ಏರು ತೋರಿಸ್ತು. ಅವನ ಲೆಕ್ಕದಲ್ಲಿ ಐದು ತಾಸಿಗೂ ಕಡಿಮೆ. ನನಗೆ ಹಿಡಿದಿದ್ದು ಏಳೂವರೆ. ಅಂದ್ರೆ ನನ್ನ ಗುಣಕ 1.6. ನಮ್ಮ ಪ್ರಾಜೆಕ್ಟ್ ಎಸ್ಟಿಮೇಟಿಗೂ ಹೆಚ್ಚು ಕಡಿಮೆ ಇದೇ ಗುಣಕ ಬೇಕು, ಆದ್ರೆ ಅಲ್ಲಿ ಯಾರೂ ಒಪ್ಪೋದಿಲ್ಲ.

ಮೊದಲ ದಿನ ಸಿಂಹಗಡ ಹತ್ತಿ ಕಲ್ಯಾಣ ದರವಾಜಾದಿಂದ ಇಳಿದು, ವಿಂಝರ್ ಮೇಲಿಂದ ರಾಜಗಡದ ಬುಡದ ಗುಂಜವಣೆಗೆ. ರಾತ್ರಿ ಅಲ್ಲೇ. ಕಷ್ಟ ಇರೋದು ಎರಡನೇ ದಿನ. ಲೆಕ್ಕ ಆರು ತಾಸು ಅನ್ನುತ್ತೆ, ನಾನು ಹತ್ತು ಬರೆದಿದ್ದೀನಿ. ಬೆಳಗ್ಗೆ ಐದಕ್ಕೆ ಹೆಡ್‌ಲ್ಯಾಂಪ್ ಹಾಕಿ ಬಿಟ್ಟರೆ ಮೂರಕ್ಕೆ ತೋರಣಾ, ಬೆಳಕಿರುವಾಗಲೇ ವೇಲ್ಹೆಗೆ ಇಳಿಯಬಹುದು. ನೀರು ನಾಲ್ಕು ಲೀಟರ್, ಭಾರ ಆದ್ರೂ ಸರಿ. ಎರಡು ಕೋಟೆಗಳ ನಡುವೆ ಒಂದು ಕಡೆ ಡಾಂಬರು ರಸ್ತೆ ಅಡ್ಡ ಬರ್ತದೆ. ಹನ್ನೊಂದೂವರೆಗೆ ಅಲ್ಲಿ ಮುಟ್ಟದಿದ್ರೆ ಆ ರಸ್ತೆ ಹಿಡಿದು ಇಳಿಯೋದು. ಯಾಕಂದ್ರೆ ತೋರಣಾ ಏರೋ ಹೊತ್ತಿಗೆ ಕಬ್ಬಿಣದ ಏಣಿ ಇರೋ ಬುರುಜು ಸಿಗ್ತದೆ, ರಡತೋಂಡಿ ಅಂತ ಹೆಸರು. ಕನ್ನಡದಲ್ಲಿ ಅಳುಮೋರೆ. ದಣಿದ ಕಾಲಲ್ಲಿ, ಕತ್ತಲಲ್ಲಿ ಅಲ್ಲಿರಬಾರದು.

ಕಳೆದ ತಿಂಗಳು ಊರಿಗೆ ಹೋದಾಗ ಅವ್ವನಿಗೆ ಎಲ್ಲಾ ಹೇಳಿದೆ, ಫೆಬ್ರವರಿದೂ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಒಬ್ಬನ ಯಾಕ ಹೋಗ್ತಿ? ಗೆಳೆಯಾರು ಇಲ್ಲೇನು?" ಅಂದ್ಲು. ಇದ್ದಾರೆ. ಆದ್ರೆ ಒಂಬತ್ತು ವರ್ಷದಿಂದ ನನ್ನ ಪ್ರತಿ ತೀರ್ಮಾನಕ್ಕೂ ಇನ್ನೊಬ್ಬರ ಅಪ್ರೂವಲ್ ಇದೆ. ಎರಡು ದಿನ ಎಲ್ಲಿ ಕೂರಬೇಕು, ಯಾವಾಗ ತಿರುಗಬೇಕು ಅನ್ನೋದನ್ನ ನಾನೇ ನೋಡಬೇಕು. ಇದನ್ನ ಅವ್ವನಿಗೆ ಸರಿಯಾಗಿ ಹೇಳೋಕೆ ಬರಲಿಲ್ಲ. "ನೀರು ಜಾಸ್ತಿ ಒಯ್ಯಿ" ಅಂತಷ್ಟೇ ಅಂದ್ಲು. ಒಪ್ಪಿದಳೋ ಇಲ್ಲವೋ, ಗೊತ್ತಾಗಲಿಲ್ಲ.

ಪ್ಲಾನಿನ ಒಂದು ಪ್ರತಿ ಮನೆ ಮಾಲೀಕರಾದ ಕಾಕೂ ಹತ್ತಿರ ಕೊಟ್ಟಿದ್ದೀನಿ. ರಾತ್ರಿ ಎಂಟಕ್ಕೆ ನನ್ನ ಫೋನ್ ಬರದಿದ್ರೆ ಯಾರಿಗೆ ಹೇಳಬೇಕು ಅಂತ ಅದರಲ್ಲಿದೆ. ಅವರು ಪೆನ್ಸಿಲ್‌ನಿಂದ ಎಂಟು ಹೊಡೆದು ಏಳು ಮಾಡಿದ್ರು. ಆಮೇಲೆ, "ನಿಮ್ಮ ತಾಯಿಗೆ ಮರಾಠಿ ಬರೋದಿಲ್ಲ, ನಾನು ಹೇಗೆ ಹೇಳಲಿ?" ಅಂತ ಕೇಳಿದ್ರು. ಈಗ ದಿನಾ ಸಂಜೆ ಕಾಕೂಗೆ ಒಂದೇ ವಾಕ್ಯ ಕಲಿಸ್ತಾ ಇದ್ದೀನಿ: "ಇನ್ನೂ ಫೋನ್ ಬಂದಿಲ್ಲ, ಗಾಬರಿ ಆಗಬ್ಯಾಡ್ರಿ."

ಶನಿವಾರ ಪೂರ್ತಿ ತೂಕದ ಚೀಲ ಹೊತ್ತು ಪರ್ವತಿ ಗುಡ್ಡ ಹತ್ತು ಸಲ ಹತ್ತಿ ಇಳೀತೀನಿ. ಬರೋದಿದ್ರೆ ಬೆಳಗ್ಗೆ ಆರಕ್ಕೆ ಮೆಟ್ಟಿಲ ಹತ್ತಿರ ಸಿಗಿ.