ಕೇಳುವ ಕೋಣೆ



ಹೈದರಾಬಾದಿನ ಕೊಂಡಾಪುರದ ನಮ್ಮ ಮನೆಯಲ್ಲಿ ಸಂಗೀತ ಕೇಳುವುದಕ್ಕೆಂದೇ ಒಂದು ಕೋಣೆಯನ್ನು ಸಜ್ಜುಗೊಳಿಸಿದೆ. ಮೊದಲ ದಿನವೇ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದಲ್ಲಿ ಮಾತುಗಳು ಒಂದರೊಳಗೊಂದು ಕಲೆಸಿಹೋದವು. ದೋಷ ಯಂತ್ರದ್ದಲ್ಲ, ಕೋಣೆಯದು. ಉದ್ದ, ಅಗಲ ಎರಡೂ 12 ಅಡಿ. ಹೀಗಾಗಿ ಸುಮಾರು 47 ಹರ್ಟ್ಸ್ ಹಾಗೂ ಅದರ ಇಮ್ಮಡಿ, ಮುಮ್ಮಡಿಗಳಲ್ಲಿ ಎರಡು ದಿಕ್ಕಿನ ಅನುರಣನವೂ ಕೂಡಿಕೊಂಡು ತಬಲೆಯ ಎಡದ ನಾದ ಉಬ್ಬುತ್ತಿತ್ತು. ಊರಿನ ಕೌದಿಯನ್ನು ಗೋಡೆಗೆ ತೂಗುಹಾಕಿದೆ. ಮೇಲುದನಿಯ ಮಾರ್ದನಿ ತಗ್ಗಿತು. ಮಂದ್ರಕ್ಕೆ ಅದು ಸಾಲದೆ, ಮೂಲೆಗಳಲ್ಲಿ ದಪ್ಪ ಹತ್ತಿಯ ಸುರುಳಿಗಳನ್ನು ನಿಲ್ಲಿಸಿದೆ.

ಮೆತ್ತೆಗಳು ಮಾರ್ದನಿಯನ್ನೆಷ್ಟು ಹೀರುತ್ತವೆಂದು ಹಾರ್ವರ್ಡಿನ ವ್ಯಾಲೇಸ್ ಸಬೈನ್ 1890ರ ದಶಕದಲ್ಲೇ ಅಳೆದಿದ್ದರು. ಕುಳಿತ ಮನುಷ್ಯನೂ ಹಾಗೆಯೇ ಹೀರುತ್ತಾನೆ. ಯುಗಾದಿಯಂದು ಹತ್ತು ಮಂದಿ ಕನ್ನಡಿಗರು ಬಂದು ಕುಳಿತಾಗ ಒಂದೊಂದು ಅಕ್ಷರವೂ ನಿಚ್ಚಳವಾಯಿತು. ಕನ್ನಡ ಓದಲಾರದ ನನ್ನ ಮಗ ಅಂದು ಮೊದಲ ಬಾರಿಗೆ ವಚನದ ಅರ್ಥ ಕೇಳಿದ.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅಂದು ಒಂದು ಮನೆ ನಾಡಿಗೆ ದನಿಯಾಯಿತು. ಹೊರನಾಡಿನಲ್ಲಿರುವ ನಮ್ಮ ಮನೆಗಳು ಆ ದನಿಗೆ ಕಿವಿಯಾದರೂ ಆಗಬೇಡವೇ? ಹೆಡ್‌ಫೋನಿನಲ್ಲಿ ಒಬ್ಬನಿಗಷ್ಟೇ ಜಾಗ. ನನ್ನ ಕೋಣೆಗೆ ಇನ್ನು ಬೇಕಾದುದು ಯಂತ್ರವಲ್ಲ, ಜನ. ಬನ್ನಿ, ಮಕ್ಕಳನ್ನೂ ಕರೆತನ್ನಿ.